ನಮ್ಮ ಜಿಪ್ಸಿಯ ಸಂಸಾರ

ಪುಣೆಯಲ್ಲಿ ನಾವು ವಾಸವಾಗಿರುವ ಕಟ್ಟಡದ ಅಂಗಳದಲ್ಲಿ ರಾತ್ರಿಯ ಹೊತ್ತು ೩೨ ಮೋಟಾರುಗಳು ನಿಲ್ಲುತ್ತವೆ. ಅವುಗಳಲ್ಲಿ ೩೧ಕ್ಕೆ ಯಜಮಾನ ಹತ್ತಿರ ಬಂದರೆ ಸಾಕು. ತಾವಾಗಿಯೇ ಕಣ್ಣು ಮಿಟುಕಿಸಿ, ಕನ್ನಡಿಯ ಕಿವಿಗಳನ್ನು ಅಗಲಿಸಿ, ಬಾಗಿಲ ಚಿಲಕ ತೆಗೆದು ನಿಲ್ಲುತ್ತವೆ. ಉಳಿದ ಒಂದು ನಮ್ಮದು. ಅದರ ಬಾಗಿಲನ್ನು ತುಸು ಮೇಲಕ್ಕೆತ್ತಿ, ಒಳಕ್ಕೆ ಒತ್ತಿ, ಅನಂತರ ಎಳೆಯಬೇಕು. ಚಳಿಗಾಲದ ಬೆಳಗಿನಲ್ಲಿ ಚೋಕನ್ನು ಪೂರ್ತಿ ಎಳೆದು, ಎಂಜಿನು ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುವ ತನಕ ಕಾದು, ಮತ್ತೆ ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬಿಡಬೇಕು. ಮೂರನೆಯ ಮಹಡಿಯ ಕಾಕೂ ಈ ಕೆಮ್ಮನ್ನು ಕೇಳಿಯೇ ಹಾಲು ಕಾಯಿಸಲು ಏಳುತ್ತಾರಂತೆ. ಅವರು ಹಾಗೆ ಹೇಳುವುದು ಮೆಚ್ಚಿಕೆಯೋ ದೂರೋ ನಮಗೆ ಇಂದಿಗೂ ತಿಳಿದಿಲ್ಲ.

ಸಂಘದ ಸಭೆಗಳಿಗೂ ನಾವು ಇದೇ ಗಾಡಿಯಲ್ಲಿ ಬರುವುದನ್ನು ಕಂಡ ಮಿತ್ರರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಇದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ? ಇಟ್ಟುಕೊಂಡು ಏನು ಮಾಡುತ್ತೀರಿ? ಎರಡನೆಯದಕ್ಕೆ ಉತ್ತರ ಸುಲಭ: ರಸ್ತೆಯಿಲ್ಲದ ಕಡೆಗೆ ಹೋಗುತ್ತೇವೆ. ಮೊದಲನೆಯದಕ್ಕೆ ಉತ್ತರ ಹೇಳಹೋಗಿ ಇಷ್ಟು ಪುಟಗಳಾದವು.

ನಮ್ಮದು ೧೯೯೮ರ ಮಾರುತಿ ಜಿಪ್ಸಿ ಕಿಂಗ್. ಜಿಪ್ಸಿ ನಮ್ಮ ದೇಶದಲ್ಲಿ ಮೊದಲು ಹೊರಬಂದದ್ದು ೧೯೮೫ರಲ್ಲಿ. ಜಪಾನಿನ ಸುಜುಕಿಯವರ ಪುಟ್ಟ ಗುಡ್ಡಗಾಡಿನ ಬಂಡಿಯನ್ನು ನಮ್ಮವರು ಉದ್ದ ಮಾಡಿ ಕೊಟ್ಟರೆನ್ನಬಹುದು. ಆಗ ಅದಕ್ಕಿದ್ದುದು ೯೭೦ ಸಿ.ಸಿ. ಎಂಜಿನು. ೧೯೯೬ರಲ್ಲಿ ೧೨೯೮ ಸಿ.ಸಿ.ಯ, ೬೦ ಕುದುರೆ ಶಕ್ತಿಯ ಎಂಜಿನು ಬಂದಾಗ 'ಕಿಂಗ್' ಎಂಬ ಬಿರುದು ಸೇರಿತು. ೨೦೦೦ದಲ್ಲಿ ಕಾರ್ಬೊರೇಟರು ಹೋಗಿ, ಪೆಟ್ರೋಲನ್ನು ಅಳೆದು ಸಿಂಪಡಿಸುವ ಹೊಸ ಪದ್ಧತಿ ಬಂದು ಶಕ್ತಿ ೮೦ಕ್ಕೆ ಏರಿತು. ಸೈನ್ಯ, ಪೊಲೀಸು, ಅರಣ್ಯ ಇಲಾಖೆ, ಮಲೆನಾಡಿನ ಕಾಫಿ ತೋಟಗಳು, ಎಲ್ಲೆಡೆಯೂ ಅದು ದುಡಿಯಿತು. ೨೦೧೯ರಲ್ಲಿ ಸಾಮಾನ್ಯ ಗಿರಾಕಿಗಳಿಗೆ ಮಾರುವುದು ನಿಂತುಹೋಯಿತು. ಅದೇ ವಂಶದ ಜಿಮ್ನಿ ೨೦೨೩ರಲ್ಲಿ ಇಲ್ಲಿ ಹುಟ್ಟಿದ್ದರೂ ಅದು ತಂಪುಗಾಳಿಯ ಯಂತ್ರ, ಹಾಡುವ ಪೆಟ್ಟಿಗೆಗಳೊಡನೆ ಬೆಳೆದ ಮೊಮ್ಮಗ. ಅಜ್ಜನಿಗೂ ಮೊಮ್ಮಗನಿಗೂ ಮುಖಸಾಮ್ಯ ಇದೆಯೆಂದಷ್ಟೇ ಹೇಳಬಹುದು.

ಗಾಡಿ ನಮ್ಮ ಕೈಗೆ ಬಂದದ್ದು ೨೦೧೩ರಲ್ಲಿ, ಸಕಲೇಶಪುರದ ಆಚೆ ಕಾಫಿ ತೋಟವಿರುವ ನಮ್ಮ ಸೋದರಮಾವನಿಂದ. ಖಾಸಗಿ ಮೋಟಾರಿನ ನೋಂದಣಿ ೧೫ ವರ್ಷಕ್ಕೆ ಮುಗಿಯುತ್ತದಷ್ಟೆ. ಮಾವ ಅದನ್ನು ಹಾಸನದ ಗುಜರಿಗೆ ಹಾಕುವ ಯೋಚನೆಯಲ್ಲಿದ್ದರು. "ನಿಮಗೆ ಹುಚ್ಚು ಇದ್ರೆ ತಗೊಂಡು ಹೋಗ್ರಪ್ಪ, ಕಾಸು ಬೇಡ. ಆದ್ರೆ ಆಮೇಲೆ ನನ್ನ ಬೈಬೇಡಿ" ಎಂದರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುವುದನ್ನು ಅವರು ನಮಗೆ ಅಂದೇ ನೆನಪಿಸಬೇಕಾಗಿತ್ತು.

ಪರರಾಜ್ಯದಲ್ಲಿ ನೆಲೆಸಿದ ನಮ್ಮಂಥವರಿಗೆ ಊರಿನ ಗಾಡಿಯನ್ನು ತರುವುದು ಮಗಳನ್ನು ದೂರದೂರಿಗೆ ಕೊಟ್ಟಂತೆ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲಿಟ್ಟರೆ ಅಲ್ಲಿ ಮತ್ತೆ ನೋಂದಾಯಿಸಬೇಕೆಂದು ೧೯೮೮ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಹಾಸನದಲ್ಲಿ ನೋಂದಣಿಯ ನವೀಕರಣ, ಆಕ್ಷೇಪಣೆಯಿಲ್ಲವೆಂಬ ಪತ್ರ, ಇಲ್ಲಿಗೆ ಬಂದು ತೆರಿಗೆ, ತಪಾಸಣೆ, ಹೀಗೆ ಕಾಗದಪತ್ರಗಳ ಒಂದು ಕಟ್ಟೇ ಆಯಿತು. ಕಡೆಗೊಂದು ದಿನ ಗಾಡಿಯ ಹಣೆಯಿಂದ 'ಕೆಎ ೧೩' ಇಳಿದು 'ಎಂಎಚ್ ೧೨' ಏರಿತು. ಹಳೆಯ ಫಲಕವನ್ನು ಮಕ್ಕಳು ಮನೆಯೊಳಗೆ ತಂದು, ದೇವರ ಕೋಣೆಯ ಬಾಗಿಲ ಪಕ್ಕಕ್ಕೆ ತೂಗುಹಾಕಿದರು. ಮನೆಗೆ ಬಂದ ನೆಂಟರು ಅದನ್ನು ಏನೋ ಯಂತ್ರವೆಂದು ತಿಳಿದು ಕಣ್ಣಿಗೊತ್ತಿಕೊಂಡದ್ದೂ ಉಂಟು.

ಈ ಗಾಡಿಯ ಮರ್ಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಮುಂದಿನ ಕಥೆಗೆ ಅದು ಬೇಕು. ಇಂದಿನ ಬಹುಪಾಲು ಕಾರುಗಳಲ್ಲಿ ಮೈಯೇ ಎಲುಬು. ಜಿಪ್ಸಿಯಲ್ಲಾದರೋ ಏಣಿಯ ಹಾಗೆ ಉಕ್ಕಿನ ಎರಡು ಉದ್ದ ತೊಲೆಗಳು, ಅವಕ್ಕೆ ಅಡ್ಡಪಟ್ಟಿಗಳು. ಅದರ ಮೇಲೆ ತಗಡಿನ ಮೈ. ಹಿಂದೊಂದು ಮುಂದೊಂದು ಗಟ್ಟಿ ಅಚ್ಚು. ಅಚ್ಚಿಗೂ ತೊಲೆಗೂ ನಡುವೆ, ಲಾರಿಯಲ್ಲಿರುವಂತೆ, ಒಂದರ ಮೇಲೊಂದು ಪೇರಿಸಿದ ಕಮಾನುಪಟ್ಟಿಗಳು. ತೂಕವೋ ಒಂದು ಟನ್ನಿನ ಆಸುಪಾಸು, ಅಷ್ಟೆ. ಕೆಸರಿನಲ್ಲಿ ಇದರ ದೊಡ್ಡ ಬಲ ಈ ಹಗುರತನವೇ. ಗೇರಿನ ಕೋಲಿನ ಪಕ್ಕದಲ್ಲಿ ಇನ್ನೊಂದು ಕುಳ್ಳ ಕೋಲಿದೆ. ಅದರಿಂದ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಕೊಡಬಹುದು, ನಾಲ್ಕಕ್ಕೂ ಕೊಡಬಹುದು. ಇಲ್ಲವೇ ನಾಲ್ಕಕ್ಕೂ ಕೊಟ್ಟು ವೇಗವನ್ನು ಇಳಿಸಿ ಎಳೆತವನ್ನು ಏರಿಸಬಹುದು. ಈ ಮೂರನೆಯದೇ 'ಲೋ'. ನಮ್ಮ ಗಾಡಿಯಲ್ಲಿ ಮುಂದಿನ ಚಕ್ರಗಳ ನಡುವಿನ ಬಿರಡೆಗಳನ್ನು ಕೆಳಗಿಳಿದು ಕೈಯಿಂದ ತಿರುಗಿಸಿದ ಹೊರತು ಅಚ್ಚಿನ ಶಕ್ತಿ ಚಕ್ರಕ್ಕೆ ಮುಟ್ಟುವುದಿಲ್ಲ. ಮೊದಲ ವರ್ಷ ಇದನ್ನು ಮರೆತು ಕೆಸರಿನಲ್ಲಿ ಕುಳಿತದ್ದು ಎಷ್ಟು ಸಲವೆಂದು ಬರೆಯುವುದಿಲ್ಲ.

ಮೊದಲ ಮೂರು ವರ್ಷ ಸುಖವಾಗಿಯೇ ಕಳೆದವು. ಅನಂತರ ನಮಗೆ ಗಾಡಿಯನ್ನು 'ಮೇಲಕ್ಕೆತ್ತುವ' ಹುಚ್ಚು ಹಿಡಿಯಿತು.

ಈ ಹುಚ್ಚು ಹಳೆಯ ಜಿಪ್ಸಿ ಜೀಪುಗಳನ್ನು ಸಾಕುವವರಿಗೆ ಒಮ್ಮೆಯಾದರೂ ಬರುವ ದಡಾರ. ಜಿಪ್ಸಿಯಲ್ಲಿ ಕಮಾನುಪಟ್ಟಿ ಅಚ್ಚಿನ ಕೆಳಗಿರುತ್ತದೆ. ಅದನ್ನು ಬಿಚ್ಚಿ ಅಚ್ಚಿನ ಮೇಲೆ ಕೂರಿಸಿದರೆ ಗಾಡಿ ಒಂದೇ ಏಟಿಗೆ ಐದಂಗುಲದಷ್ಟು ಎತ್ತರವಾಗುತ್ತದೆ. ಆಗ ಆನೆಗಾತ್ರದ ಟೈರು ಹಾಕಬಹುದು. ಬಂಡೆಗಳ ಮೇಲೆ ಹೊಟ್ಟೆ ತಾಗದೆ ದಾಟಬಹುದು. ಸಿಗ್ನಲಿನಲ್ಲಿ ನಿಂತಾಗ ಹುಡುಗರು ಬೆರಳು ತೋರಿಸುತ್ತಾರೆ. ಮೂರನೆಯ ಕಾರಣವೇ ಮುಖ್ಯವಾಗಿತ್ತೆಂದು ಈಗ ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ೨೦೧೬ರ ಮಳೆಗಾಲ ಮುಗಿಯುತ್ತಲೇ ಊರ ಹೊರಗಿನ ಒಂದು ಕಾರ್ಖಾನೆಗೆ ಗಾಡಿ ಹೋಯಿತು. ಎಂಟು ದಿನದ ಮೇಲೆ ಬಂದದ್ದು ನಮ್ಮ ಗಾಡಿಯೇ ಎಂದು ಗುರುತು ಹಿಡಿಯಬೇಕಾಯಿತು. ಅಮ್ಮನನ್ನು ಹತ್ತಿಸಲು ಅಡಿಗೆಮನೆಯ ಮಣೆಯನ್ನು ತರಬೇಕಾಯಿತು.

ಆ ದೀಪಾವಳಿಗೆ ಊರಿಗೆ ಹೊರಟೆವು. ಹಿಂದಿನ ಅಡ್ಡ ಬೆಂಚುಗಳಲ್ಲಿ ಅಮ್ಮ ಮತ್ತು ಇಬ್ಬರು ಮಕ್ಕಳು, ನಡುವೆ ಚಕ್ಕಲಿಯ ಡಬ್ಬ. ಖಂಬಾಟಕಿ ಘಾಟು ಏರಿ ಆಚೆ ಇಳಿಯುವಾಗ ವೇಗ ೭೦ರ ಹತ್ತಿರ ಇದ್ದಿರಬೇಕು. ಎಡಗಡೆಯ ಮುಂದಿನ ಚಕ್ರ ಒಂದು ಸಣ್ಣ ಗುಂಡಿಗೆ ಬಿದ್ದು ಎದ್ದಿತು. ಮರುಕ್ಷಣವೇ ಸ್ಟೀರಿಂಗು ದೆವ್ವ ಹಿಡಿದಂತೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ತೊಡಗಿತು. ಹಿಡಿದ ಕೈಗಳು ಮೊಣಕೈಯ ತನಕ ಅಲ್ಲಾಡಿದವು. ಹಲಗೆಯ ಮೇಲಿದ್ದ ಕನ್ನಡಕ ಹಾರಿ ಎಲ್ಲಿಯೋ ಬಿತ್ತು. ಹಿಂದಿನಿಂದ ಲಾರಿಯೊಂದರ ಹಾರನ್ನು, ಮಕ್ಕಳ ಚೀರಾಟ. ವೇಗವನ್ನು ಇಳಿಸುವುದೊಂದೇ ಇದಕ್ಕೆ ಮದ್ದೆಂದು ಆಗ ತಿಳಿದಿರಲಿಲ್ಲ. ಬ್ರೇಕನ್ನು ಬಲವಾಗಿ ತುಳಿದೆವು. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತ, ರಸ್ತೆಯಂಚಿನ ಗೋಡೆಗೆ ಎರಡು ಮಾರು ದೂರದಲ್ಲಿ ನಿಂತಿತು.

ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಕಡೆಗೆ ಅಮ್ಮನೇ ಹೇಳಿದರು: "ಗಾಡೀನ ಬೈಕೋಬೇಡಿ. ಅದು ಸುಮ್ಮನೆ ಇತ್ತು. ಕುಣಿಯೋ ಹಾಗೆ ಮಾಡಿದ್ದು ನೀವು."

ಆಮೆಯ ನಡಿಗೆಯಲ್ಲಿ ಸಾತಾರಾ ಮುಟ್ಟಿ, ಗಾಡಿಯನ್ನು ಅಲ್ಲೊಬ್ಬ ಪರಿಚಿತರ ಅಂಗಳದಲ್ಲಿ ಬಿಟ್ಟು, ಬಸ್ಸು ಹತ್ತಿದೆವು.

ಹಬ್ಬ ಮುಗಿದ ಮೇಲೆ ಅದನ್ನು ಲಾರಿಯ ಮೇಲೆ ಹೇರಿ ತಂದು ನಮ್ಮ ಮಿಸ್ತ್ರಿಯ ಮುಂದೆ ಇಳಿಸಿದೆವು. ಈತ ಅಕ್ಕಲಕೋಟೆಯ ಕಡೆಯವನು. ಗಿರಾಕಿಗಳೊಡನೆ ಮರಾಠಿ, ಎಂಜಿನಿನೊಡನೆ ಕನ್ನಡ. ನೆಲಕ್ಕೆ ಗೋಣಿ ಹಾಸಿ, ಕೆಳಗೆ ತೂರಿ, ಅರ್ಧ ಗಂಟೆಯ ಮೇಲೆ ಹೊರಬಂದು ಕೈ ಒರೆಸಿಕೊಂಡ. "ಸಾಹೇಬ್ರ, ಗಾಡಿಗಿ ಏನೂ ಆಗಿಲ್ರಿ. ಇದನ್ನ ಮಾಡಿದಾವ್ರು ಶಾಣ್ಯಾ ಇದ್ರು. ನೀವು ಅವ್ರಕಿಂತ ಶಾಣ್ಯಾ ಆಗ್ಲಿಕ್ಕೆ ಹೋದ್ರಿ, ಅಷ್ಟ."

ಆಮೇಲೆ ಒಂದೊಂದಾಗಿ ತೋರಿಸಿದ. ಗಾಡಿ ಎತ್ತರವಾದಾಗ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ದಂಡ ಮೊದಲಿನಂತೆ ಮಲಗಿರದೆ ಕಡಿದಾಗಿ ಇಳಿಜಾರಾಗಿತ್ತು. ಆದುದರಿಂದ ಕಮಾನು ಒಮ್ಮೆ ಕುಗ್ಗಿ ಹಿಗ್ಗಿದರೆ, ಯಾರೂ ತಿರುಗಿಸದಿದ್ದರೂ ಚಕ್ರ ತಾನೇ ತಿರುಗುತ್ತಿತ್ತು. ಅದಕ್ಕೆ ಸರಿಹೊಂದುವ ಬೇರೆ ಬಾಗುದಂಡವನ್ನು ಹಾಕಬೇಕಾದವರು ಹಾಕಿರಲಿಲ್ಲ. ಮುಂದಿನ ಚಕ್ರಗಳು ಹೊರಳುವ ಗೆಣ್ಣಿನೊಳಗೆ, ಮೇಲೊಂದು ಕೆಳಗೊಂದರಂತೆ, ಎರಡೂ ಕಡೆ ಸೇರಿ ನಾಲ್ಕು ಪುಟ್ಟ ಬೇರಿಂಗುಗಳಿವೆ. ಅವು ಮೊದಲೇ ಸವೆದಿದ್ದವು. ದೊಡ್ಡ ಟೈರಿನ ಭಾರಕ್ಕೆ ಪೂರ್ತಿ ಸಡಿಲವಾದವು. ಇದೆಲ್ಲಕ್ಕಿಂತ ನಮ್ಮ ಬೆನ್ನು ತಣ್ಣಗಾಗಿಸಿದ್ದು ಬ್ರೇಕಿನ ರಬ್ಬರು ಕೊಳವೆ. ಗಾಡಿ ಐದಂಗುಲ ಮೇಲೆದ್ದರೂ ಕೊಳವೆ ಹಳೆಯ ಉದ್ದದ್ದೇ. ಚಕ್ರವನ್ನು ಪೂರ್ತಿ ತಿರುಗಿಸಿದಾಗ ಅದು ವೀಣೆಯ ತಂತಿಯಂತೆ ಬಿಗಿದುಕೊಳ್ಳುತ್ತಿತ್ತು. ಮಿಸ್ತ್ರಿ ಅದನ್ನು ಹೆಬ್ಬೆರಳಿನಿಂದ ಬಗ್ಗಿಸಿದಾಗ ಮೈತುಂಬ ಕೂದಲೆಳೆಯಂಥ ಬಿರುಕು ಕಂಡಿತು. ಘಾಟಿನಲ್ಲಿ ಅದು ಹರಿದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಮೂಗಿಗಿಂತ ಮೂಗುತಿ ಭಾರ ಎಂದು ಅಮ್ಮ ಇದನ್ನೇ ಹೇಳಿದ್ದು. ಎಲ್ಲವನ್ನೂ ಬಿಚ್ಚಿಸಿ, ಕಮಾನುಗಳನ್ನು ಅಚ್ಚಿನ ಕೆಳಕ್ಕೇ ತಂದು, ಹಳೆಯ ಅಳತೆಯ ಟೈರುಗಳನ್ನು ಹಾಕಿಸಿದೆವು. ಎತ್ತಿಸಲು ಕೊಟ್ಟದ್ದಕ್ಕಿಂತ ಇಳಿಸಲು ಕೊಟ್ಟದ್ದು ಹೆಚ್ಚಾಯಿತು. ಆದರೆ ಅದೃಷ್ಟ ನಮ್ಮ ಪಕ್ಷಕ್ಕಿತ್ತೆಂದು ಎರಡು ವರ್ಷದ ಮೇಲೆ ತಿಳಿಯಿತು. ತಯಾರಕರು ಮಾಡಿಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಕಾಯಿದೆಯ ೫೨ನೆಯ ಕಲಮಿನಲ್ಲಿ ಅದು ಮೊದಲೇ ಇತ್ತು. ಎಲ್ಲರೂ ಓದಿಯೂ ಓದದವರಂತಿದ್ದರು. ಅದಕ್ಕೂ ಮುಂಚೆ, ೨೦೧೭ರ ಡಿಸೆಂಬರಿನಲ್ಲಿ, ಮುಂಭಾಗಕ್ಕೆ ಕಟ್ಟುವ ಕಬ್ಬಿಣದ ಗೂಳಿಗೊಂಬುಗಳನ್ನು ತೆಗೆಸಬೇಕೆಂದು ಕೇಂದ್ರ ಸರಕಾರ ರಾಜ್ಯಗಳಿಗೆ ಬರೆದಿತ್ತು. ಮಾವನ ಕಾಲದಿಂದ ಇದ್ದ ಅಂಥದೊಂದನ್ನು ನಾವೂ ಬಿಚ್ಚಿ ಗುಜರಿಗೆ ಕೊಟ್ಟೆವು. ಅಡ್ಡಬಂದ ಮನುಷ್ಯನ ಕಾಲನ್ನು ಮುರಿಯುವುದಕ್ಕಲ್ಲದೆ ಅದರಿಂದ ಬೇರೆ ಉಪಯೋಗ ನಮಗೆ ಕಾಣಲಿಲ್ಲ. ವಿಮೆಯ ವಿಷಯವನ್ನು ಇಲ್ಲೇ ಹೇಳಬೇಕು: ಹೇಳದೆ ಕೇಳದೆ ಮಾರ್ಪಡಿಸಿದ ಗಾಡಿ ಅಪಘಾತಕ್ಕೆ ಸಿಕ್ಕಿದರೆ ಪರಿಹಾರದ ಮಾತು ಬಂದಾಗ ಆ ಮಾರ್ಪಾಡೇ ಮೊದಲು ಎದುರು ನಿಲ್ಲುತ್ತದೆ.

ಹಾಗಾದರೆ ಹಳೆಯ ಗಾಡಿಗೆ ಏನನ್ನೂ ಮಾಡಬಾರದೆ? ಮಾಡಬೇಕು, ಬೇಕಾದಷ್ಟಿದೆ. ಆದರೆ ಅದು ಹೊರಗೆ ಕಾಣುವಂಥದಲ್ಲ. ಡಾರ್ಜಿಲಿಂಗದ ಬೆಟ್ಟಗಳಲ್ಲಿ ಮಾನೇಭಂಜ್ಯಾಂಗದಿಂದ ೩೬೩೬ ಮೀಟರು ಎತ್ತರದ ಸಂದಕ್ಫುವಿಗೆ ೧೯೫೦ರ ದಶಕದ ಇಂಗ್ಲೆಂಡಿನ ಲ್ಯಾಂಡ್ ರೋವರುಗಳು ತಲೆಮಾರುಗಳ ಕಾಲ ಪ್ರವಾಸಿಗಳನ್ನು ಹೊತ್ತುಕೊಂಡು ಓಡಿವೆ. ಅವುಗಳನ್ನು ಓಡಿಸಿದವರು ಬಣ್ಣದ ಟೈರುಗಳನ್ನು ಹುಡುಕಿದವರಲ್ಲ. ಪ್ರತಿದಿನ ಕೆಳಗೆ ತೂರಿದವರು. ನಾವೂ ಈಗ ತಿಂಗಳಿಗೊಮ್ಮೆ ಕೆಳಗೆ ತೂರುತ್ತೇವೆ.

ಮೊದಲು ನೋಡುವುದು ಆ ಗೆಣ್ಣುಗಳನ್ನೇ. ಅದರ ಹಿಂಭಾಗದ ಗುಂಡನೆಯ ಭಾಗವನ್ನು ಬೆರಳಿನಿಂದ ಒರೆಸಿದಾಗ ಗಟ್ಟಿ ಗ್ರೀಸು ಅಂಟಿದರೆ ಕ್ಷೇಮ. ತೆಳ್ಳಗೆ, ಎಳ್ಳೆಣ್ಣೆಯಂತೆ ಹರಿದುಬಂದರೆ ಅಚ್ಚಿನೊಳಗಿನ ಸೀಲು ಸವೆದು, ಗೇರೆಣ್ಣೆ ಗ್ರೀಸಿನೊಡನೆ ಬೆರೆಯುತ್ತಿದೆಯೆಂದು ಅರ್ಥ. ಸೀಲಿನ ಬೆಲೆ ಅಲ್ಪ. ಅಲಕ್ಷಿಸಿದರೆ ಬೇರಿಂಗು ಸುಟ್ಟುಹೋಗುತ್ತದೆ. ಇನ್ನು ಕಮಾನುಗಳನ್ನು ಅಚ್ಚಿಗೆ ಬಿಗಿಯುವ ಯು ಆಕಾರದ ಬೋಲ್ಟುಗಳು. ಕಲ್ಲುದಾರಿಯಲ್ಲಿ ಓಡಿದ ಮೇಲೆ ಅವು ತಪ್ಪದೆ ಸಡಿಲವಾಗುತ್ತವೆ. ಕಮಾನಿನ ತುದಿಯ ರಬ್ಬರು ಬುಷ್ಷುಗಳು, ಉದ್ದ ತಿರುಗುದಂಡದ ಗ್ರೀಸು ಮೊಲೆಗಳು, ಗೇರುಪೆಟ್ಟಿಗೆಯ ಹಿಂದಿನ ಇನ್ನೊಂದು ಪೆಟ್ಟಿಗೆಯನ್ನು ಹಿಡಿದಿರುವ ಮೂರು ರಬ್ಬರು ಗದ್ದುಗೆಗಳು, ಇವೆಲ್ಲ ಒಂದು ಭಾನುವಾರದ ಬೆಳಗಿನ ಕೆಲಸ. ಗ್ರೀಸು ಒತ್ತುವ ಬಂದೂಕನ್ನು ನಮ್ಮ ಮಗಳು ಯಾರಿಗೂ ಬಿಟ್ಟುಕೊಡುವುದಿಲ್ಲ.

ನೀರಿನ ವಿಷಯ ಬೇರೆ. ಓಡಿ ಬಿಸಿಯಾದ ಅಚ್ಚು ತಟ್ಟನೆ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಉಸಿರುದ್ವಾರದಿಂದ ನೀರನ್ನೇ ಹೀರಿಕೊಳ್ಳುತ್ತದೆ. ಆಮೇಲೆ ತಿರುಪು ಬಿಚ್ಚಿ ನೋಡಿದರೆ ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಪೂರ್ತಿ ಬದಲಾಯಿಸದೆ ಗತ್ಯಂತರವಿಲ್ಲ. ಆ ದ್ವಾರಕ್ಕೆ ಒಂದು ಮೊಳದ ರಬ್ಬರು ಕೊಳವೆ ಸಿಕ್ಕಿಸಿ ಎಂಜಿನಿನ ಕೋಣೆಯ ಮೇಲ್ಗಡೆಗೆ ಒಯ್ದು ಕಟ್ಟಿದ್ದೇವೆ. ಬಹಳ ಅಗ್ಗದಲ್ಲಿ ಮಾಡಿದ, ಬಹಳ ಉಪಕಾರಿಯಾದ ಬದಲಾವಣೆ ಇದೊಂದೇ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಹೊಕ್ಕರೆ ಪೆಟ್ರೋಲು ಎಂಜಿನು ಅಲ್ಲೇ ನಿಲ್ಲುತ್ತದೆ. ಆದುದರಿಂದ ಡಿಕ್ಕಿಯಲ್ಲಿ ಯಾವಾಗಲೂ ಒಂದು ಒಣ ಪಂಚೆಯ ತುಂಡು ಇರುತ್ತದೆ.

ಈಚಿನ ವರ್ಷಗಳಲ್ಲಿ ಹೊಸದೊಂದು ಚಿಂತೆ ಸೇರಿದೆ. ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲು ಬೆರೆಸುತ್ತಾರಲ್ಲವೆ? ೧೯೯೮ರ ಗಾಡಿಯ ರಬ್ಬರು ಕೊಳವೆಗಳು ಅದಕ್ಕಾಗಿ ಮಾಡಿದವಲ್ಲ. ಎಥನಾಲು ಹಳೆಯ ರಬ್ಬರನ್ನು ಊದಿಸುತ್ತದೆ, ಬಿರುಕು ಬಿಡಿಸುತ್ತದೆ. ಗಾಳಿಯ ತೇವವನ್ನೂ ಕುಡಿಯುತ್ತದೆ. ತೊಟ್ಟಿಯಿಂದ ಕಾರ್ಬೊರೇಟರಿನ ತನಕ ಎಲ್ಲ ಕೊಳವೆಗಳನ್ನೂ ಎಥನಾಲು ತಡೆಯುವ ಹೊಸ ಬಗೆಯವಕ್ಕೆ ಬದಲಾಯಿಸಿದೆವು, ಪಂಪಿನ ತೊಗಲನ್ನೂ ಹೊಸದು ಮಾಡಿದೆವು. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸುವುದಿಲ್ಲ. ಪೆಟ್ರೋಲಿನ ವಾಸನೆ ಸ್ವಲ್ಪ ಬಂದರೂ ಹೊರಡುವುದಿಲ್ಲ.

ಇನ್ನು ತುಕ್ಕು. ಮಲೆನಾಡಿನಲ್ಲಿ ೧೫ ಮಳೆಗಾಲ ಕಂಡ ತಗಡು ನಮ್ಮದು. ಕಾಲಿಡುವ ಹಾಸಿನ ಕೆಳಗೆ ಒಂದು ದಿನ ಕೈಯಿಟ್ಟಾಗ ರಸ್ತೆ ಕಂಡಿತು. ಕತ್ತರಿಸಿ ಹೊಸ ತಗಡು ಬೆಸೆಸಿದೆವು. ಸಮುದ್ರದ ಮರಳಿಗೆ ಮಾತ್ರ ನಾವು ಗಾಡಿಯನ್ನು ಇಳಿಸುವುದಿಲ್ಲ. ಕೊಂಕಣದ ದಡದಲ್ಲಿ ಚಕ್ರ ಹೂತು, ಭರತ ಏರಿ, ಗಾಡಿಯೇ ಮುಳುಗಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ಕಂಡಿದ್ದೀರಿ. ಮುಳುಗದಿದ್ದರೂ ಉಪ್ಪುನೀರು ಒಳಗೊಳಗೇ ತಿನ್ನುತ್ತದೆ.

ದಾರಿಯಲ್ಲದ ದಾರಿಯಲ್ಲಿ ಓಡಿಸುವ ವಿದ್ಯೆಯನ್ನು ನಮಗೆ ಕಲಿಸಿದವರು ಮಾವ. ಅವರ ಮೊದಲ ಪಾಠ: "ಇಳಿದು ನೋಡು." ಕೆಸರಾಗಲಿ ಹಳ್ಳವಾಗಲಿ, ಒಬ್ಬರು ನಡೆದು ದಾಟಿ ಬರಬೇಕು, ನಡೆಯಲಾಗದ ನೀರಿಗೆ ಗಾಡಿಯೂ ಬೇಡ. ನಮ್ಮಲ್ಲಿ ಒಬ್ಬರು ಓಡಿಸಿದರೆ ಇನ್ನೊಬ್ಬರು ಮುಂದೆ ನಿಂತು ಕೈಸನ್ನೆ ಮಾಡುವುದು. ಒಂದೇ ದಾರಿಗೆ ಇಬ್ಬರು ಸನ್ನೆ ಮಾಡಕೂಡದು, ದಾಂಪತ್ಯಕ್ಕೂ ಗಾಡಿಗೂ ಅಪಾಯ. ಮಕ್ಕಳು ಇಂಥ ಕಡೆ ಒಳಗೆ ಕೂರುವುದಿಲ್ಲ, ನಡೆದು ಬರುತ್ತಾರೆ. ಹಿಂದಿನ ಅಡ್ಡ ಬೆಂಚಿಗೆ ಪಟ್ಟಿಯಿಲ್ಲ. ಮೆತ್ತನೆಯ ನೆಲಕ್ಕೆ ಇಳಿಯುವ ಮುನ್ನ ಟೈರಿನ ಗಾಳಿಯನ್ನು ೨೬ರಿಂದ ೧೬ ಪೌಂಡಿಗೆ ಇಳಿಸುತ್ತೇವೆ. ಆಗ ಟೈರು ಅಗಲವಾಗಿ ಹರಡಿ, ಒಂಟೆಯ ಪಾದದಂತೆ ನೆಲವನ್ನು ಹಿಡಿಯುತ್ತದೆ. ಡಾಂಬರಿಗೆ ಬಂದೊಡನೆ ಪಂಪಿನಿಂದ ಮತ್ತೆ ತುಂಬಲೇಬೇಕು. ಆನೆಗಾತ್ರದ ಟೈರಿನಿಂದ ನಾವು ಬಯಸಿದ್ದರಲ್ಲಿ ಬಹುಪಾಲು ಈ ಖರ್ಚಿಲ್ಲದ ಉಪಾಯದಿಂದಲೇ ಸಿಕ್ಕಿತು. ಆದರೆ ಎರೆಮಣ್ಣಿಗೆ ಯಾವ ಉಪಾಯವೂ ನಡೆಯುವುದಿಲ್ಲ. ಧಾರವಾಡ, ವಿಜಯಪುರದ ಕಡೆಯ ಓದುಗರಿಗೆ ಹೇಳಬೇಕಾಗಿಲ್ಲ. ಮಳೆ ಬಿದ್ದ ಎರೆಯಲ್ಲಿ ಟೈರು ನಾಲ್ಕು ಸುತ್ತಿಗೆ ಕರೀ ಲಡ್ಡುವಾಗುತ್ತದೆ. ಅಲ್ಲಿ ಬಿಸಿಲು ಬರುವ ತನಕ ಕೂತು ಬುತ್ತಿ ಬಿಚ್ಚುವುದೇ ಜಾಣತನ.

ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವಾಗ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು. ಹರಿದ ಹಗ್ಗ, ಕಿತ್ತುಬಂದ ಕೊಕ್ಕೆ ಗುಂಡಿನಂತೆ ಹಾರುತ್ತವೆ. ನಾವು ಹಗ್ಗದ ನಡುವೆ ಒದ್ದೆ ಕಂಬಳಿಯನ್ನು ಹೊದಿಸುತ್ತೇವೆ. ಹರಿದರೂ ಅದು ವೇಗವನ್ನು ತಗ್ಗಿಸುತ್ತದೆ. ಕೊಕ್ಕೆಯನ್ನು ತೊಲೆಗೆ ಬೋಲ್ಟಿನಿಂದ ಬಿಗಿದ ಕಡೆಗೇ ಹಾಕಬೇಕಲ್ಲದೆ ಬಂಪರಿಗಲ್ಲ.

ಮಾವನ ಎರಡನೆಯ ಪಾಠ ಇಳಿಜಾರಿನದು. 'ಲೋ'ನಲ್ಲಿ ಮೊದಲನೆಯ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ತೆಗೆದುಬಿಡಬೇಕು. ಎಂಜಿನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಏರಿನಲ್ಲಿ ಸೋತರೆ ಗಾಡಿಯನ್ನು ಅಡ್ಡ ತಿರುಗಿಸಬಾರದು, ಉರುಳುತ್ತದೆ. ಹಿಂದಿನ ಗೇರು ಹಾಕಿ ಬಂದ ದಾರಿಯಲ್ಲೇ ನೆಟ್ಟಗೆ ಇಳಿಯಬೇಕು. ಈ ಪಾಠವನ್ನು ನಾವು ಅವರಿಗೇ ಒಪ್ಪಿಸಬೇಕಾಗಿ ಬಂದದ್ದು ೨೦೨೨ರ ಜುಲೈಯಲ್ಲಿ.

ರಜೆಗೆಂದು ತೋಟಕ್ಕೆ ಹೋಗಿದ್ದೆವು. ಮೂರು ದಿನದಿಂದ ಬಿಡದ ಮಳೆ. ಬೆಳಗ್ಗೆ ಮಾವ ಕಣದ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿದಿತ್ತು. ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರು, ಎಲ್ಲವೂ ಕೆಂಪು ಕೆಸರು. ೧೦೮ರ ಗಾಡಿ ಕೆಳಗೆ ರಸ್ತೆಯಲ್ಲೇ ನಿಂತಿತು. ಪಕ್ಕದ ತೋಟದವರು ತಮ್ಮ ದೊಡ್ಡ ಹೊಸ ಗಾಡಿಯನ್ನು ತರಹೋದರು. ಅದು ಮೊದಲ ತಿರುವಿನಲ್ಲೇ ತನ್ನ ಭಾರಕ್ಕೆ ತಾನೇ ಹೂತಿತು. ವೈದ್ಯರೊಬ್ಬರು ದೂರವಾಣಿಯಲ್ಲಿ ಹೇಳಿಕೊಟ್ಟಂತೆ ಕಾಲಿಗೆ ಎರಡು ಹಲಗೆ ಕಟ್ಟಿ, ಜಿಪ್ಸಿಯ ಬೆಂಚುಗಳನ್ನು ಮಡಿಸಿ, ಹಾಸಿಗೆ ಹಾಸಿ, ಮಾವನನ್ನು ಮಲಗಿಸಿದೆವು. ಇಳಿಬಿಟ್ಟ ಹಿಂಬಾಗಿಲ ಮೇಲೆ ಅತ್ತೆ ಅವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಇಬ್ಬರು ಆಳುಗಳು ಎರಡೂ ಪಕ್ಕ ನಡೆದರು. ಟೈರಿನ ಗಾಳಿ ಇಳಿಸಿ, ಬಿರಡೆಗಳನ್ನು ತಿರುಗಿಸಿ, 'ಲೋ' ಹಾಕಿ ಹೊರಟೆವು.

ಮೂರು ಕಿಲೋಮೀಟರಿಗೆ ೫೦ ನಿಮಿಷ. ನೋವಿನಿಂದ ಮುಖ ಬಿಳಿಚಿದ್ದರೂ ಮಾವ ಹಿಂದಿನಿಂದ ಗದರುವುದನ್ನು ಬಿಡಲಿಲ್ಲ. "ಕ್ಲಚ್ ಬಿಡು ಮಾರಾಯ, ಎಂಜಿನ್ ಹಿಡ್ಕೊಳ್ತದೆ. ಬ್ರೇಕ್ ಮುಟ್ಟಬೇಡ. ಮುಟ್ಟಿದ್ರೆ ಎಲ್ರೂ ಹಳ್ಳಕ್ಕೆ." ನಾವು ಮುಟ್ಟಲಿಲ್ಲ. ಗಾಡಿ ಗೊಣಗುತ್ತ, ಮುದುಕನನ್ನು ಕೈಹಿಡಿದು ಇಳಿಸುವ ಇನ್ನೊಬ್ಬ ಮುದುಕನಂತೆ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಇಳಿಯಿತು. ಅಂದು ಅದು ಐದಂಗುಲ ಎತ್ತರವಾಗಿದ್ದಿದ್ದರೆ ಮೂರನೆಯ ತಿರುವಿನ ಓರೆಯಲ್ಲಿ ಏನಾಗುತ್ತಿತ್ತೆಂದು ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಯೋಚಿಸಿದೆವು. ಮಾವ ಈಗ ಊರುಗೋಲು ಹಿಡಿದು ತೋಟ ಸುತ್ತುತ್ತಾರೆ. ಪ್ರತಿ ಸಲವೂ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಏನಾದರೊಂದು ಹುಳುಕು ಹೇಳುತ್ತಾರೆ.

ಕಾಡಿನ ವಿಷಯದಲ್ಲಿ ಒಂದು ಮಾತು. ಹೀಗೆ ಗಾಡಿಯಿದೆಯೆಂದು ಕಂಡಲ್ಲಿ ನುಗ್ಗುವವರು ಹೆಚ್ಚಾಗಿದ್ದಾರೆ. ಅನುಮತಿಯಿಲ್ಲದೆ ಕಾದಿಟ್ಟ ಅರಣ್ಯ ಹೊಗುವುದು ೧೯೨೭ರ ಭಾರತೀಯ ಅರಣ್ಯ ಕಾಯಿದೆಯಂತೆ ಅಪರಾಧ. ಕರ್ನಾಟಕಕ್ಕೆ ೧೯೬೩ರ ತನ್ನದೇ ಕಾಯಿದೆ ಇದೆ. ಅಪರಾಧದ ಮಾತು ಹಾಗಿರಲಿ, ಸಹ್ಯಾದ್ರಿಯ ಹುಲ್ಲುಗಾವಲಿನಲ್ಲಿ ಒಂದು ಮಳೆಗಾಲದಲ್ಲಿ ಹತ್ತು ಗಾಡಿ ಕೊರೆದ ಜಾಡು ಮರುವರ್ಷ ನೀರು ಹರಿಯುವ ಕೊರಕಲಾಗುತ್ತದೆ. ನಾವು ಹೋಗುವುದು ಮುಳಶಿಯ ಕಡೆಯ ಪರಿಚಯದ ರೈತರ ಹೊಲಗಳಿಗೆ, ಅವರನ್ನು ಕೇಳಿಕೊಂಡು, ಬೆಳೆಯಿಲ್ಲದ ಕಾಲದಲ್ಲಿ. ಬರುವಾಗ ಅವರ ಬಾಂದು ಕೆಡದಂತೆ ಗುದ್ದಲಿಯಿಂದ ಸರಿಮಾಡಿ ಬರುತ್ತೇವೆ. ಚಹಾ ಕುಡಿಸದೆ ಅವರು ಬಿಡುವುದಿಲ್ಲ.

ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೩ರಲ್ಲಿ ಮಾಡಿಸಿದ್ದಾಯಿತು, ಮುಂದಿನದು ೨೦೨೮ರಲ್ಲಿ. ೨೦ ವರ್ಷ ದಾಟಿದ ಇಂಥ ಗಾಡಿಗಳ ನವೀಕರಣದ ಶುಲ್ಕವನ್ನು ೨೦೨೫ರ ಆಗಸ್ಟಿನಲ್ಲಿ ೧೦,೦೦೦ ರೂಪಾಯಿಗೆ ಏರಿಸಿದ್ದಾರೆ. ತಪಾಸಣೆ, ಹೊಗೆಯ ಪತ್ರ, ಹಸಿರು ತೆರಿಗೆ ಬೇರೆ. ಮನೆಯಲ್ಲಿ ಈಗಲೇ ಎರಡು ಪಕ್ಷಗಳಾಗಿವೆ. ಅಮ್ಮ ಯಾವ ಪಕ್ಷವೆಂದು ಕೇಳಿದೆವು. "ಮಣೆ ಇಲ್ಲದೆ ಹತ್ತೋ ಹಾಗಿದ್ರೆ ಇರಲಿ ಬಿಡಿ" ಎಂದರು.

ಕಳೆದ ಭಾನುವಾರ ಬಲಗಡೆಯ ಗೆಣ್ಣನ್ನು ಒರೆಸಿದ ಮಗಳು ಬೆರಳನ್ನು ಮೂಗಿಗೆ ಹಿಡಿದು, "ಎಳ್ಳೆಣ್ಣೆ ಆಗಿದೆ" ಎಂದಳು. ಸೀಲು ತಂದಿಟ್ಟಿದ್ದೇವೆ. ಮಿಸ್ತ್ರಿ ಈ ಭಾನುವಾರ ಒಂಬತ್ತಕ್ಕೆ ಬನ್ನಿ ಎಂದಿದ್ದಾನೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವನ ಮನೆಯಿಂದ, ಮೊಸರು ನಮ್ಮ ಮನೆಯಿಂದ.